ಬ್ಯಾಳಿ ಬೇಯುವ ನೀರಿದ್ದಲ್ಲಿ ಕಾಫಿ ಹುಡುಕಿ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು. ಕೆಲಸದ ಮೇಲೆ ಕಲಬುರಗಿಗೆ ಬಂದು 8 ತಿಂಗಳಾಯಿತು. ಇಲ್ಲಿ ಎಲ್ಲಿ ನೋಡಿದರೂ ಚಹಾ. ಕಾಫಿ ಸಿಗುವ ಕಡೆಯೂ ಒಂದು ದಿನ ಚೆನ್ನಾಗಿದ್ದರೆ ಮರುದಿನ ಬಾಯಿಗಿಡಲು ಆಗುವುದಿಲ್ಲ. ದೊಡ್ಡ ಕಂಪನಿಗಳ ಶಾಖೆ ಬೇಡ, ಯಾರಾದರೂ ಮನಸ್ಸಿಟ್ಟು ನಡೆಸುವ ಸಣ್ಣ ಕಾಫಿ ಅಂಗಡಿ ಬೇಕು. ಹೇಗೆ ಹುಡುಕಲಿ? ಇನ್ನೊಂದು ವಿಷಯ: ಊರಿನಿಂದ ತಂದ ಅದೇ ಪುಡಿ, ಅದೇ ಫಿಲ್ಟರ್, ಆದರೂ ಇಲ್ಲಿ ಮಾಡಿದರೆ ರುಚಿಯೇ ಇರುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಅಪ್ಪ ಬರುತ್ತಿದ್ದಾರೆ. ಅವರು ಕಾಫಿ ಬೆಳೆಗಾರರು. ಅವರಿಗೆ ಈ ಊರಿನಲ್ಲಿ ಒಂದು ಒಳ್ಳೆಯ ಕಾಫಿ ಕುಡಿಸಬೇಕು.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದಂತೆ. ನಿಮ್ಮ ಪುಡಿ ಕೆಟ್ಟಿಲ್ಲ, ನಿಮ್ಮ ಕೈಗುಣವೂ ಕೆಟ್ಟಿಲ್ಲ. ಬದಲಾದದ್ದು ನೀರು.

ನನಗೂ ಇದು ತಡವಾಗಿಯೇ ತಿಳಿಯಿತು. ಬೆಂಗಳೂರಿನಲ್ಲಿ ಕಾಫಿ ಮಂಡಳಿಯ ‘ಕಾಪಿ ಶಾಸ್ತ್ರ’ ತರಬೇತಿ ಮುಗಿಸಿ ಊರಿಗೆ ಬಂದ ಹೊಸತು. ಅಲ್ಲಿ ರುಚಿ ನೋಡಿ ಮೆಚ್ಚಿದ್ದ ಬೀಜವನ್ನೇ ತಂದಿದ್ದೆ. ಕಲಿತ ಲೆಕ್ಕದಂತೆ 150 ಮಿ.ಲೀ. ನೀರಿಗೆ 8.25 ಗ್ರಾಂ ತೂಗಿ ಹಾಕಿ, ನಾಲ್ಕು ನಿಮಿಷ ಕಾದು ಬಾಯಿಗಿಟ್ಟೆ. ಬೆಂಗಳೂರಿನಲ್ಲಿ ಕಿತ್ತಳೆಯ ಹುಳಿ, ಬೆಲ್ಲದ ಸಿಹಿ ಎರಡನ್ನೂ ಕೊಟ್ಟಿದ್ದ ಬೀಜ ಇಲ್ಲಿ ಸುಣ್ಣ ಕದಡಿದ ನೀರಿನ ಹಾಗಿತ್ತು. ಹುರಿದು ಕೊಟ್ಟವರು ಬೇರೆ ಬೀಜ ಕಳಿಸಿದ್ದಾರೆಂದು ಸಿಟ್ಟಿನಿಂದ ಫೋನ್ ಹಚ್ಚುತ್ತಿದ್ದೆ. ಒಲೆ ಮುಂದೆ ನಿಂತಿದ್ದ ಅವ್ವ ತಿರುಗಿ ಕೇಳಿದಳು: “ಯಾವ ನೀರು ಹಾಕಿದ್ಯೋ? ಬೋರಿಂದಾ? ಆ ನೀರಾಗ ಬ್ಯಾಳಿನೇ ಬೇಯಂಗಿಲ್ಲ, ನಿನ್ನ ಕಾಫಿ ಹ್ಯಾಂಗ್ ಆಗ್ತದ?”

ತರಬೇತಿಯಲ್ಲಿ ಹೇಳಿಕೊಟ್ಟದ್ದಕ್ಕಿಂತ ದೊಡ್ಡ ಪಾಠ ಆ ಮಾತಿನಲ್ಲಿತ್ತು. ಇದು ತೊಗರಿಯ ನಾಡು. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಯಾವ ನೀರಿನಲ್ಲಿ ಬ್ಯಾಳಿ ಮೆತ್ತಗಾಗುತ್ತದೆ, ಯಾವುದರಲ್ಲಿ ನಾಲ್ಕು ಸೀಟಿ ಹೊಡೆಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ ಎನ್ನುವುದು ಇಲ್ಲಿನ ಪ್ರತಿ ಅಡುಗೆಮನೆಗೂ ಗೊತ್ತು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿನ ಜೊತೆ ಗಟ್ಟಿಯಾಗಿ ಹೆಣೆದುಕೊಳ್ಳುವುದರಿಂದ ಬೇಳೆ ಒಡೆಯುವುದಿಲ್ಲ. ಅದೇ ನೀರು ಕಾಫಿಯನ್ನು ಇನ್ನೊಂದು ರೀತಿಯಲ್ಲಿ ಕೆಡಿಸುತ್ತದೆ.

ಕಾಫಿಯ ಜೀವ ಇರುವುದು ಅದರ ಹುಳಿಯಲ್ಲಿ. ಹುಳಿ ಎಂದರೆ ಕೆಟ್ಟ ಹುಳಿಯಲ್ಲ, ನಿಂಬೆ ಹಿಂಡಿದ ಮೇಲೆ ಸಾರು ಏಳುತ್ತದಲ್ಲ, ಆ ಬಗೆಯದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆಗೆ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟ್ ಕೂಡ ಇರುತ್ತದೆ. ಹುಳಿ ಮಜ್ಜಿಗೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ನೊರೆ ಏಳುತ್ತದೆ, ಮಜ್ಜಿಗೆ ಸಪ್ಪಗಾಗುತ್ತದೆ. ನಿಮ್ಮ ಫಿಲ್ಟರಿನೊಳಗೆ ದಿನವೂ ಆಗುತ್ತಿರುವುದು ಅದೇ. ಸಕಲೇಶಪುರದ ನೀರು ಜೋರು ಮಳೆಯದು, ಕರಗದ ಗಟ್ಟಿ ಬಂಡೆಗಳ ಮೇಲೆ ಹರಿದು ಬರುವಂಥದು. ಅದು ತನ್ನೊಳಗೆ ಖನಿಜವನ್ನು ಹೆಚ್ಚು ತುಂಬಿಕೊಳ್ಳುವುದಿಲ್ಲ. ಕಲಬುರಗಿಯ ಕಥೆ ಬೇರೆ. ಊರಿನ ಕೆಳಗೆ ದಖನ್ನಿನ ಕಪ್ಪು ಕಲ್ಲು. ಸ್ವಲ್ಪ ದೂರ ಹೋದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಎಲ್ಲ ಸುಣ್ಣದ ಕಲ್ಲಿನ ಸೀಮೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸಾಲಾಗಿ ನಿಂತಿರುವುದು ಅದೇ ಕಲ್ಲಿಗಾಗಿ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಯೂ ಅದೇ ಸುಣ್ಣದ ಕಲ್ಲು. ಇಂಥ ನೆಲದಲ್ಲಿ ಬೋರ್ ಕೊರೆದರೆ ಓಣಿಯಿಂದ ಓಣಿಗೆ ನೀರಿನ ರುಚಿ ಬೇರೆಯಾಗುತ್ತದೆ.

ಅಳತೆಯಲ್ಲಿ ಹೇಳುವುದಾದರೆ, ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 200 ಮಿ.ಗ್ರಾಂ. ಗಡಸುತನ ಸರಿ, ಬೇರೆ ನೀರು ಇಲ್ಲದ ಕಡೆ 600ರವರೆಗೂ ನಡೆಯುತ್ತದೆ. ಕಾಫಿ ವೃತ್ತಿಯವರು ಒಪ್ಪುವ ಗಡಸುತನ ಸುಮಾರು 50ರಿಂದ 175. ಕರಗಿದ ಲವಣಗಳ ಒಟ್ಟು ಲೆಕ್ಕ, ಎಲ್ಲರೂ ಟಿ.ಡಿ.ಎಸ್. ಎನ್ನುವುದು, 150ರ ಆಸುಪಾಸು ಇರಬೇಕು. ಆರೋಗ್ಯಕ್ಕೆ ಏನೂ ಅಡ್ಡಿಯಿಲ್ಲದ ನೀರೇ ಕಾಫಿಗೆ ಅಡ್ಡಿಯಾಗುವುದು ಹೀಗೆ. ಚಹಾಕ್ಕೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಚಹಾ ನೀರಿನ ದೋಷವನ್ನೆಲ್ಲ ನುಂಗಿಕೊಳ್ಳುತ್ತದೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು, ಚಹಾದ ರೂಢಿ ಆ ಕಡೆಯಿಂದ ಬಂದದ್ದು. ಅದು ಇಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದರಲ್ಲಿ ನೀರಿನ ಪಾಲೂ ಇದೆ ಎಂದು ನನ್ನ ನಂಬಿಕೆ.

ಹಾಗಾದರೆ ಆರ್‌.ಒ. ನೀರು ಹಾಕಿದರೆ ಆಯಿತಲ್ಲ ಎನ್ನುತ್ತೀರಿ. ಅದೂ ಪೂರ್ತಿ ಸರಿಯಲ್ಲ. ಮಷಿನ್ ಖನಿಜವನ್ನೆಲ್ಲ ಹೀರಿ ತೆಗೆದು ಟಿ.ಡಿ.ಎಸ್. 20, 30ಕ್ಕೆ ಇಳಿಸಿಬಿಟ್ಟರೆ ಕಾಫಿ ಟೊಳ್ಳಾಗುತ್ತದೆ. ಹುಳಿ ಮೊನಚಾಗಿ ಚುಚ್ಚುತ್ತದೆ, ಹಿಂದೆ ತುಂಬಿಕೊಳ್ಳುವ ರುಚಿ ಇರುವುದಿಲ್ಲ. ಪುಡಿಯಿಂದ ರುಚಿಯನ್ನು ಎಳೆದು ತರಲು ನೀರಿನಲ್ಲಿ ಸ್ವಲ್ಪ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರಲೇಬೇಕು. ಗಲ್ಲಿಗಲ್ಲಿಯ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಕ್ಯಾನಿನ ನೀರು ಒಂದು ಕಡೆ 40 ಇದ್ದರೆ ಇನ್ನೊಂದು ಕಡೆ 150 ಇರಬಹುದು.

“ಒಂದು ದಿನ ಚೆನ್ನಾಗಿದ್ದರೆ ಮರುದಿನ ಇಲ್ಲ” ಎಂದು ಬರೆದಿದ್ದೀರಲ್ಲ, ಅದರ ಮುಖ್ಯ ಕಾರಣವೂ ಇಲ್ಲೇ ಇದೆ. ನಗರಕ್ಕೆ ಭೀಮಾ ನದಿ, ಬೆಣ್ಣೆತೊರೆಗಳಿಂದ ನೀರು ಬರುತ್ತದೆ, ಆದರೆ ಬಹಳ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಅಂಗಡಿಯವರು ಸೋಮವಾರ ನಳದ ನೀರು, ಬುಧವಾರ ಬೋರಿನದು, ಶುಕ್ರವಾರ ಟ್ಯಾಂಕರ್ ಎಂದು ಸಿಕ್ಕದ್ದನ್ನು ಬಳಸುತ್ತಾರೆ. ಬೀಜ ಅದೇ, ಮೆಷಿನ್ ಅದೇ, ಹುಡುಗನೂ ಅವನೇ. ಕಾಫಿ ಮಾತ್ರ ಮೂರು ಬಗೆ.

ಇಷ್ಟು ಹೇಳಿದ ಮೇಲೆ ಹುಡುಕಾಟಕ್ಕೆ ಬರೋಣ. ನೀವು ಅಂಗಡಿಗಳ ಹೆಸರು ಕೇಳದೆ ಹುಡುಕುವ ದಾರಿ ಕೇಳಿದ್ದು ನನಗೆ ಹಿಡಿಸಿತು. ಸಣ್ಣ ಅಂಗಡಿಯ ಕಾಫಿ ಒಬ್ಬರ, ಹೆಚ್ಚೆಂದರೆ ಇಬ್ಬರ ಕೈಯಲ್ಲಿರುತ್ತದೆ. ಆ ಹುಡುಗ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ದಿನ ಬೋರ್ಡು ಅದೇ ಇರುತ್ತದೆ, ಕಾಫಿ ಹೋಗಿರುತ್ತದೆ.

ಯಾವ ಅಂಗಡಿಗೆ ಹೋದರೂ ಮೊದಲು ಇದನ್ನು ಕೇಳಿ: “ಕಾಫಿಗೆ ಯಾವ ನೀರು ಹಾಕ್ತೀರಿ?” ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ನಾನು ಅರ್ಧ ತೀರ್ಮಾನಕ್ಕೆ ಬಂದುಬಿಡುತ್ತೇನೆ. “ಫಿಲ್ಟರ್ ನೀರೇ ಅದ ಅಕ್ಕಾ, ಅಂಜಬ್ಯಾಡ್ರಿ” ಎಂದರೆ ನೀವು ಹೊಟ್ಟೆ ಕೆಡುತ್ತದೆಂದು ಕೇಳಿದಿರಿ ಎಂದು ತಿಳಿದಿದ್ದಾರೆ. ತಪ್ಪೇನಿಲ್ಲ, ಆದರೆ ರುಚಿಯ ಲೆಕ್ಕದಲ್ಲಿ ಅವರು ಇನ್ನೂ ನೀರಿನವರೆಗೆ ಬಂದಿಲ್ಲ. “ಆರ್‌.ಒ. ಇದೆ, ಆದರೆ ಪೂರಾ ಇಳಿಸಂಗಿಲ್ರಿ, 120ಕ್ಕೆ ಇಟ್ಟೀವಿ” ಎಂದರೆ ಕುರ್ಚಿ ಎಳೆದು ಕೂಡಿ. ಅಷ್ಟು ತಲೆ ಕೆಡಿಸಿಕೊಂಡವರು ಬೀಜದ ಬಗ್ಗೆಯೂ ತಲೆ ಕೆಡಿಸಿಕೊಂಡಿರುತ್ತಾರೆ. ಬಿಸಿನೀರನ್ನು ಪುಡಿಯೊಳಗೆ ರಭಸದಿಂದ ನುಗ್ಗಿಸಿ ಕಾಫಿ ಇಳಿಸುವ ಎಸ್ಪ್ರೆಸ್ಸೊ ಮೆಷಿನ್ ಇಟ್ಟವರಿಗೆ ಇನ್ನೊಂದು ಒತ್ತಡವೂ ಇದೆ. ಗಡಸು ನೀರು ಬಾಯ್ಲರಿನೊಳಗೆ ಬಿಳಿ ಪದರ ಕಟ್ಟುತ್ತದೆ, ಲಕ್ಷಗಟ್ಟಲೆ ಹಾಕಿ ತಂದ ಮೆಷಿನ್ ವರ್ಷದೊಳಗೆ ಕೈಕೊಡುತ್ತದೆ. ಹೀಗೆ ಮೆಷಿನ್ ಕೆಟ್ಟು ನಿಂತ ಮೇಲೆ ಬೀಗ ಹಾಕಿದ ಒಂದು ಅಂಗಡಿ ನನಗೆ ಗೊತ್ತು. ಒಳ್ಳೆಯ ಮನಸ್ಸಿನಿಂದ ಶುರು ಮಾಡಿದ್ದರು. ಇವತ್ತಿಗೂ ಆ ಬೀದಿಯಲ್ಲಿ ಹೋಗುವಾಗ ಹೊಟ್ಟೆ ಉರಿಯುತ್ತದೆ.

ಮನೆಯಿಂದ ಹೊರಡುವ ಮುಂಚೆಯೇ ಫೋನಿನ ನಕ್ಷೆಯಲ್ಲಿ ಒಂದಷ್ಟು ಜರಡಿ ಹಿಡಿಯಬಹುದು. ನಕ್ಷತ್ರಗಳ ಲೆಕ್ಕ ಬಿಡಿ, ಅವು ಬಹಳ ಸಲ ಪಿಜ್ಜಾಕ್ಕೆ, ಗೋಡೆಯ ಬಣ್ಣದ ದೀಪಕ್ಕೆ ಬಿದ್ದಿರುತ್ತವೆ. ಗಿರಾಕಿಗಳು ಹಾಕಿದ ಫೋಟೊಗಳಲ್ಲಿ ಕೌಂಟರ್ ಕಾಣುವುದನ್ನು ದೊಡ್ಡದು ಮಾಡಿ ನೋಡಿ. ಮೆಷಿನ್ ಪಕ್ಕದಲ್ಲಿ ಬೀಜ ಅರೆಯುವ ಗ್ರೈಂಡರ್ ಇದೆಯೇ? ಅದು ಇಲ್ಲದಿದ್ದರೆ ಮೊದಲೇ ಅರೆದ ಪುಡಿ ಅಥವಾ ಇನ್‌ಸ್ಟಂಟ್ ಪುಡಿ. ಅರೆದ ಕಾಫಿಯ ಘಮ ನಿಮಿಷಗಳ ಲೆಕ್ಕದಲ್ಲಿ ಹಾರಿಹೋಗುತ್ತದೆ. ಮೆಷಿನ್ ಸಾಧಾರಣದ್ದಾಗಿ ಗ್ರೈಂಡರ್ ಒಳ್ಳೆಯದಿರುವ ಅಂಗಡಿ, ಮೆಷಿನ್ ಭಾರಿಯದಾಗಿ ಗ್ರೈಂಡರ್ ಕಳಪೆಯಾಗಿರುವ ಅಂಗಡಿಗಿಂತ ಯಾವತ್ತೂ ಮೇಲು.

ಎಲ್ಲಿ ಹುಡುಕುವುದು ಎಂದರೆ, ಹೊಸ ಬಗೆಯ ಕಾಫಿಗೆ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಕಾಲೇಜುಗಳ ಆಸುಪಾಸು. ಓದುವ ಮಕ್ಕಳು, ಆಸ್ಪತ್ರೆಗಳ ಯುವ ವೈದ್ಯರು, ಹೈಕೋರ್ಟ್ ಪೀಠದ ವಕೀಲರು ಎರಡು ತಾಸು ಕೂತು ಕೆಲಸ ಮಾಡುವ ಜಾಗಗಳಲ್ಲಿ ಬರಿ ಕಪ್ಪು ಕಾಫಿಗೂ ದುಡ್ಡು ಕೊಡುವ ಗಿರಾಕಿ ಇರುತ್ತಾರೆ. ಅಂಥವರಿದ್ದರೆ ಅಂಗಡಿಯವರಿಗೆ ಒಳ್ಳೆಯ ಬೀಜ ತರಿಸುವ ಧೈರ್ಯ ಬರುತ್ತದೆ. ಡಿಕಾಕ್ಷನ್ ಕಾಫಿ ಬೇಕಾದರೆ ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್ ಪ್ರದೇಶ, ಬಸ್ ನಿಲ್ದಾಣದ ಸುತ್ತಲಿನ ಹಳೆಯ ಉಡುಪಿ ರೀತಿಯ ಹೋಟೆಲುಗಳನ್ನು ಒಂದೊಂದಾಗಿ ನೋಡಿ. ಇವನ್ನು ಸ್ವತಂತ್ರ ಕಾಫಿ ಅಂಗಡಿಗಳ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ನಾನು ಮೊದಲಿಗೆ ಸೇರಿಸುತ್ತೇನೆ. ಮಾಲೀಕರೇ ಗಲ್ಲೆಯಲ್ಲಿ ಕೂತು, ಒಬ್ಬನೇ ಕಾಫಿ ಮಾಸ್ತರ ಹತ್ತಿಪ್ಪತ್ತು ವರ್ಷ ಅದೇ ಒಲೆ ಮುಂದೆ ನಿಂತಿರುವ ಜಾಗಕ್ಕಿಂತ ಸ್ವತಂತ್ರವಾದದ್ದು ಯಾವುದಿದೆ?

ಅಂಥ ಹೋಟೆಲಿಗೆ ಬೆಳಗ್ಗೆ 6.30, 7 ಗಂಟೆಗೆ ಹೋಗಬೇಕು. ಆಗ ಮೊದಲ ಡಿಕಾಕ್ಷನ್ ಇಳಿದಿರುತ್ತದೆ. 11ರ ಹೊತ್ತಿಗೆ ಅದೇ ಪುಡಿಗೆ ಎರಡನೇ ಸಲ ನೀರು ಬಿದ್ದಿರುತ್ತದೆ, ಅಥವಾ ಇಳಿದದ್ದು ಬಿಸಿನೀರಿನ ಪಾತ್ರೆಯಲ್ಲಿ ಕೂತು ಕಹಿಯಾಗಿರುತ್ತದೆ. “ಡಿಕಾಕ್ಷನ್ ಈಗ ಇಳಿಸಿದ್ದೇನ್ರಿ?” ಎಂದು ಮರ್ಯಾದೆಯಿಂದ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಈ ಹೋಟೆಲುಗಳ ಪುಡಿಯಲ್ಲಿ ಚಿಕೋರಿ, ಅಂದರೆ ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು, ಇರುತ್ತದೆ. ಮಲೆನಾಡಿನ ಬೆಳೆಗಾರರ ಮನೆಯವರಾದ ನಿಮಗೆ ಅದರ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಕ್ಕಿಲ್ಲ. ಆದರೂ ಇಲ್ಲಿ ಅದನ್ನು ತಳ್ಳಿಹಾಕಬೇಡಿ. ಕಪ್ಪಗೆ ಹುರಿದ ಬೀಜ, ರೊಬಸ್ಟಾ ಜಾತಿಯ ಕಾಫಿ, ಚಿಕೋರಿ ಮೂರರಲ್ಲೂ ಹುಳಿ ಕಡಿಮೆ. ಕಳೆದುಕೊಳ್ಳಲು ಹುಳಿಯೇ ಇಲ್ಲದ್ದರಿಂದ ಗಡಸು ನೀರು ಅವಕ್ಕೆ ಅಷ್ಟು ಕೆಡುಕು ಮಾಡದು. ನಮ್ಮ ಹಳೆಯ ಮಾಸ್ತರರು ರಸಾಯನಶಾಸ್ತ್ರ ಓದಿರಲಿಲ್ಲ, ಈ ನೀರಿಗೆ ನಿಲ್ಲುವ ಪುಡಿಯನ್ನು ನಾಲಿಗೆಯಿಂದಲೇ ಹುಡುಕಿಕೊಂಡರು. ಪುಡಿಯ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಪಾಲು ಎಂದು ಬರೆದಿರಬೇಕು, ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮವಿದೆ. 20, 30ರವರೆಗೆ ಚಿಕೋರಿ ಇದ್ದರೆ ನನಗೆ ಒಪ್ಪಿಗೆ. ಅದಕ್ಕೂ ಮೇಲೆ ಹೋದರೆ ಬಣ್ಣ ಸಿಗುತ್ತದೆ, ಕಾಫಿ ಸಿಗುವುದಿಲ್ಲ.

ಹೊಸ ಬಗೆಯ ಅಂಗಡಿಯಲ್ಲಿ ಕೌಂಟರಿನ ಹತ್ತಿರದ ಜಾಗ ಹಿಡಿಯಿರಿ. ಮೊನ್ನೆ ಒಂದು ಕಡೆ ನೋಡಿದ್ದನ್ನು ಹೇಳುತ್ತೇನೆ. ಇಪ್ಪತ್ತರ ಹುಡುಗ, ಅಂಗಡಿಯಲ್ಲಿ ನಾನೊಬ್ಬನೇ. ಬೀಜವನ್ನು ಮೊದಲು ತೂಗಿದ, 18 ಗ್ರಾಂ. ಅರೆದು, ಬೆರಳಿನಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಒತ್ತಿ, ಮೆಷಿನ್ನಿಗೆ ಸಿಕ್ಕಿಸಿದ. ಲೋಟದ ಕೆಳಗೂ ತೂಕದ ಯಂತ್ರ, ಪಕ್ಕದಲ್ಲಿ ಗಡಿಯಾರ. ಮೊದಲ ಹನಿ ಜೇನಿನಂತೆ ಇಳಿಯಿತು. 27 ಸೆಕೆಂಡಿಗೆ 36 ಗ್ರಾಂ ಬಂದಾಗ ನಿಲ್ಲಿಸಿದ. ತಾನೇ ಒಂದು ಚಮಚ ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಉಳಿದದ್ದನ್ನು ಸಿಂಕಿಗೆ ಚೆಲ್ಲಿದ. ಗ್ರೈಂಡರಿನ ಹಲ್ಲು ಒಂದು ಕೂದಲಷ್ಟು ಸರಿಸಿ ಮತ್ತೆ ಶುರು ಮಾಡಿದ. “ಈಗರೇ ಕರೆಂಟ್ ಬಂದದ ರೀ, ಮೆಷಿನ್ ಇನ್ನಾ ಪೂರಾ ಕಾದಿಲ್ಲ, ಹತ್ತು ನಿಮಿಷ ಕೂಡ್ರಿ” ಎಂದ. ನಾನು ಅರ್ಧ ತಾಸು ಬೇಕಾದರೂ ಕೂಡುತ್ತಿದ್ದೆ. ಆ ಹುಡುಗನ ಕಾಫಿ ಇನ್ನೂ ಪಳಗಬೇಕು, ಆದರೆ ಚೆಲ್ಲುವ ಮನಸ್ಸಿರುವವನು ಖಂಡಿತ ಪಳಗುತ್ತಾನೆ.

ಅವನು ಹೇಳಿದ ಕರೆಂಟಿನ ಮಾತು ನೆನಪಿಡಿ. ನೀರು 90ರಿಂದ 96 ಡಿಗ್ರಿಯಲ್ಲಿ ಸ್ಥಿರವಾಗಲು ಮೆಷಿನ್ನಿಗೆ ಇಪ್ಪತ್ತು ನಿಮಿಷ, ಅರ್ಧ ತಾಸು ಬೇಕಾಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದ ಕೂಡಲೇ ಕೊಟ್ಟ ಕಾಫಿಯಿಂದ ಅಂಗಡಿಯನ್ನು ಅಳೆಯಬೇಡಿ.

ಹಾಲು ಕಾಯಿಸುವಾಗ ಕಿವಿ ಕೊಡಿ. ಮೊದಲ ಎರಡು ಮೂರು ಸೆಕೆಂಡು ಕಾಗದ ಹರಿದಂಥ ಸಣ್ಣ ಸದ್ದು, ಆಮೇಲೆ ಸದ್ದಡಗಿ ಹಾಲು ಸುಳಿಯಂತೆ ತಿರುಗಬೇಕು. ಕೊನೆಯವರೆಗೆ ಕಿರುಚುತ್ತಿದ್ದರೆ ಹಾಲು ಸುಡುತ್ತಿದೆ. 60, 65 ಡಿಗ್ರಿಗೆ ನಿಲ್ಲಿಸಿದ ಹಾಲು ತಾನಾಗಿಯೇ ಸಿಹಿ, 70 ದಾಟಿದರೆ ಬೇಯಿಸಿದ ವಾಸನೆ. ಹಬೆಯ ನಳಿಕೆಯನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ಒಂದು ಸಲ ಹಬೆ ಬಿಡುತ್ತಾರೋ ನೋಡಿ. ಹಾಲು ಒಣಗಿ ಬಿಳಿ ಪದರ ಕಟ್ಟಿದ ನಳಿಕೆ ಕಂಡರೆ ಕಪ್ಪು ಕಾಫಿ ಕುಡಿದು ಎದ್ದುಬನ್ನಿ. ಎಮ್ಮೆ ಹಾಲು ಹಾಕುವ ಕಡೆ ಕಾಫಿ ದಪ್ಪಗೆ, ಕುಡಿಯಲು ಹಿತವಾಗಿರುತ್ತದೆ, ಆದರೆ ಆ ಜಿಡ್ಡಿನ ಕೆಳಗೆ ಬೀಜದ ರುಚಿ ಮುಚ್ಚಿಹೋಗುತ್ತದೆ. ಅಂಗಡಿಯನ್ನು ಪರೀಕ್ಷಿಸುವ ದಿನ ಹಾಲು, ಸಕ್ಕರೆ ಎರಡೂ ಬೇಡ. ಬಿಸಿಬಿಸಿ ಒಂದು ಗುಟುಕು, ಐದು ನಿಮಿಷ ಬಿಟ್ಟು ಇನ್ನೊಂದು. ಆರಿದ ಮೇಲೂ ಬಾಯಿಗೆ ಹಿತವಾಗಿದ್ದರೆ ಅದು ಒಳ್ಳೆಯ ಕಾಫಿ. ಬಿಸಿಯಲ್ಲಿ ಅಡಗಿದ್ದ ದೋಷಗಳೆಲ್ಲ ಆರಿದಾಗಲೇ ತಲೆ ಎತ್ತುವುದು.

ಬೀಜ ಹುರಿದ ತಾರೀಖನ್ನೂ ಕೇಳಿ. ಪೊಟ್ಟಣ ಕಟ್ಟಿದ ತಾರೀಖು ಬೇರೆ, ಹುರಿದದ್ದು ಬೇರೆ. ಹುರಿದು ಒಂದು ವಾರದಿಂದ ನಾಲ್ಕೈದು ವಾರದೊಳಗೆ ಬಳಸಿದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವಾಗ ಅಷ್ಟೂ ಬಾಳುವುದಿಲ್ಲ. ಬಿಸಿಲು ಬೀಳುವ ಕಿಟಕಿ ಪಕ್ಕದ ಗಾಜಿನ ಡಬ್ಬಿಯಲ್ಲಿ ಎಣ್ಣೆ ಜಿನುಗುತ್ತಿರುವ ಬೀಜ ಕಂಡರೆ, ಅದು ಯಾವ ಎಸ್ಟೇಟಿನದಾದರೂ ಸರಿ, ಆ ಕಾಫಿ ನನಗೆ ಬೇಡ. ಬೇಸಿಗೆಯ ಕೋಲ್ಡ್ ಕಾಫಿಯ ಬಗ್ಗೆ ಒಂದೇ ಮಾತು: ತಂಪಿಗೆ ಕುಡಿಯಿರಿ, ಅದರಿಂದ ಅಂಗಡಿಯ ಗುಣ ತಿಳಿಯುವುದಿಲ್ಲ.

ಇನ್ನು ನಿಮ್ಮ ಮನೆಯ ಫಿಲ್ಟರ್. ನಳದ ನೀರು ಬಂದ ದಿನ ಎರಡು ಲೀಟರ್ ಹಿಡಿದು, ಮುಚ್ಚಳವಿಲ್ಲದೆ ಚೆನ್ನಾಗಿ ಹತ್ತು ನಿಮಿಷ ಕುದಿಸಿ. ಕ್ಲೋರಿನ್ ವಾಸನೆ ಹೋಗುತ್ತದೆ. ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಸೇರಿ ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತವೆ. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟು, ಬೆಳಗ್ಗೆ ಮೇಲಿನ ಮುಕ್ಕಾಲು ಭಾಗವನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ, ತಳದ್ದನ್ನು ಗಿಡಕ್ಕೆ ಹಾಕಿ. ಈ ನೀರನ್ನು ಮತ್ತೆ ಕಾಯಿಸಿ ಫಿಲ್ಟರಿಗೆ ಬಿಡಿ. ಬೋರಿನ ನೀರು ಬಿಟ್ಟರೆ ಬೇರೆ ಗತಿಯಿಲ್ಲ ಎಂದಾದರೆ ಹೀಗೆ ಕುದಿಸಿ ತಿಳಿಯಾಗಿಸಿದ ಒಂದು ಲೋಟಕ್ಕೆ ಎರಡು ಲೋಟ ಆರ್‌.ಒ. ನೀರು ಬೆರೆಸಿ. ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಒಟ್ಟು ಲವಣವನ್ನು ತೋರಿಸುತ್ತದೆ, ಅದರಲ್ಲಿ ಗಡಸುತನ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಅಂಕಿ ನೋಡಿ, ಆಮೇಲೆ ನಾಲಿಗೆಯನ್ನೂ ಕೇಳಿ. ನನ್ನ ಅವ್ವನ ವಿಧಾನ ಇನ್ನೂ ಸುಲಭ: ಯಾವ ನೀರಿನಲ್ಲಿ ಮೊನ್ನೆ ಬ್ಯಾಳಿ ಬೇಗ ಬೆಂದಿತ್ತೋ ಅದನ್ನೇ ಕಾಫಿಗೆ ಇಡುತ್ತಾಳೆ.

ಅಪ್ಪನವರ ವಿಷಯ. ಜಾತ್ರೆ ಹೋಳಿ ಹುಣ್ಣಿಮೆಯ ನಂತರ, ಅಷ್ಟರಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಅವರಿಗೂ ಸ್ವಲ್ಪ ಬಿಡುವು. ಈಗಲೇ ಫೋನ್ ಮಾಡಿ, ಪುಡಿ ಬೇಡ, ಹುರಿದ ಇಡೀ ಬೀಜವನ್ನೇ ತನ್ನಿ ಎನ್ನಿ. ಹೊರಡುವುದಕ್ಕೆ ಒಂದು ವಾರ ಮುಂಚೆ ಹುರಿಸಿದ್ದಾದರೆ ಸರಿ, ಅರ್ಧ ಕಿಲೋ ಸಾಕು, ಹುರಿತ ಮಧ್ಯಮಕ್ಕಿಂತ ಕೊಂಚ ಮೇಲಿರಲಿ. ಬಂದ ಮರುದಿನ ಬೆಳಗ್ಗೆ ಆರೂವರೆಗೆ ಅವರನ್ನು ಸ್ಟೇಷನ್ ಕಡೆಯ ಹಳೆಯ ಹೋಟೆಲಿಗೆ ಕರೆದೊಯ್ದು ಮೊದಲ ಡಿಕಾಕ್ಷನ್ನಿನ ಕಾಫಿ ಕುಡಿಸಿ. ಆ ಬೀಜದಲ್ಲಿ ಕಾಲು ಕಿಲೋ ಎತ್ತಿಟ್ಟುಕೊಂಡು, ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ 3 ಗಂಟೆ ಹೊತ್ತಿಗೆ, ನೀವು ಅಷ್ಟರಲ್ಲಿ ಹುಡುಕಿಟ್ಟಿರುವ ಸಣ್ಣ ಅಂಗಡಿಗೆ ಹೋಗಿ. “ಇವರು ಬೆಳೆದದ್ದು, ಒಂದು ಸಲ ಮಾಡಿ ನೋಡ್ತೀರಾ?” ಎಂದು ಆ ಹುಡುಗನ ಮುಂದಿಡಿ. ಕಾಫಿ ಬೆಳೆದವರನ್ನು ಅವನು ಅದುವರೆಗೆ ಕಣ್ಣಾರೆ ನೋಡಿರುವುದಿಲ್ಲ. ಮೊದಲ ಲೋಟ ಚೆಲ್ಲಿದರೆ ಅಪ್ಪನವರಿಗೆ ಬೇಸರ ಬೇಡವೆಂದು ಮೊದಲೇ ಹೇಳಿಟ್ಟಿರಿ.